ನಾಲಗೆಯ ಗುಟ್ಟನ್ನು ಕಂಡ ಮಾಲ್ಪೀಗಿ

ವೈದ್ಯರ ಬಳಿಗೆ ಹೋದಾಗ ಅವರು ನಾಲಗೆಯನ್ನು ಚಾಚಿಸಿ ನೋಡುವುದುಂಟು. ನೀವೂ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಚಾಚಿ ನೋಡಿರಿ. ಸಣ್ಣ ಸಣ್ಣ ಉಬ್ಬುಗಳು ಕಾಣುವುವು. ರುಚಿಯ ಗುಟ್ಟು ಆ ಉಬ್ಬುಗಳಲ್ಲಿದೆಯೆಂದು ಮೊದಲು ಕಂಡುಕೊಂಡವರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಮುಖ್ಯನು. ಜಿರಲೆಯ ಪಾಠದಲ್ಲಿ ಬರುವ ಮಾಲ್ಪೀಜಿಯನ್ ನಾಳಗಳಿಗೆ ಇವನದೇ ಹೆಸರು.

ಮಾಲ್ಪೀಗಿಯು 1628 ರ ಮಾರ್ಚ್ 10 ರಂದು ಬೊಲೋನ್ಯ ನಗರದ ಸಮೀಪದ ಕ್ರೆವಾಲ್ಕೋರೆಯಲ್ಲಿ ಜನಿಸಿದನು. ರಕ್ತವು ದೇಹದಲ್ಲಿ ಸುತ್ತುತ್ತದೆಂದು ಹಾರ್ವೆಯು ಗ್ರಂಥ ಪ್ರಕಟಿಸಿದ್ದೂ ಅದೇ ವರ್ಷ. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ತಂದೆ, ತಾಯಿ, ಅಜ್ಜಿ ಮೂವರೂ ತೀರಿಕೊಂಡರು. ಹಿರಿಯ ಮಗನ ಹೆಗಲಿಗೆ ಸಂಸಾರದ ಭಾರ ಬಿತ್ತು. ಓದು ಕೆಲಕಾಲ ನಿಂತಿತು. ಆದರೂ 1653 ರಲ್ಲಿ ಅವನು ವೈದ್ಯ ಪದವಿ ಪಡೆದನು. 1661 ರಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಾರ್ವೆಯ ಕಣ್ಣಿಗೆ ಬೀಳದಿದ್ದ ಕೂದಲೆಳೆಯಂಥ ರಕ್ತನಾಳಗಳನ್ನು ವರ್ಣಿಸಿದನು.

ಆಮೇಲೆ ಸಿಸಿಲಿ ದ್ವೀಪದ ಮೆಸ್ಸೀನದಲ್ಲಿ ಅಧ್ಯಾಪಕನಾಗಿದ್ದಾಗ ನಾಲಗೆಯನ್ನು ಕೈಗೆತ್ತಿಕೊಂಡನು. ಅವನು ಮಾಡಿದ ಉಪಾಯ ಅಡುಗೆಮನೆಯದು! ಎತ್ತಿನ ನಾಲಗೆಯನ್ನು ಬೇಯಿಸಿದನು. ಬೆಂದಾಗ ಮೇಲಿನ ಒರಟು ಪೊರೆ ಸುಲಿದು ಬಂದಿತು. ಅದರ ಕೆಳಗೆ ಜರಡಿಯಂತೆ ತೂತುಗಳುಳ್ಳ ಮೆತ್ತನೆಯ ಪದರ. ಅದನ್ನೂ ಬಿಡಿಸಿದರೆ ತೂತುಗಳಿಗೆ ಸರಿಯಾಗಿ ಎದ್ದು ನಿಂತ ಮೊಗ್ಗಿನಂಥ ಉಬ್ಬುಗಳು. ನರಗಳು ಅಲ್ಲಿಗೆ ಬಂದು ಸೇರಿದ್ದವು. ಉಗುಳಿನಲ್ಲಿ ಕರಗಿದ ಆಹಾರದ ಅಂಶ ತೂತುಗಳೊಳಗೆ ಇಳಿದು ಉಬ್ಬುಗಳನ್ನು ಮುಟ್ಟಿದಾಗ ರುಚಿ ತಿಳಿಯುತ್ತದೆಂದು ಅವನು ತರ್ಕಿಸಿ, 1665 ರಲ್ಲಿ ಪ್ರಕಟಿಸಿದನು. ಉಬ್ಬುಗಳಲ್ಲಡಗಿದ ರುಚಿಮೊಗ್ಗುಗಳು ಕಂಡದ್ದು ಇನ್ನೂರು ವರ್ಷಗಳ ಬಳಿಕ, 1867 ರಲ್ಲಿ. ನಾಲಗೆಯ ತುದಿಗೆ ಸಿಹಿ ಮಾತ್ರ, ಹಿಂಬದಿಗೆ ಕಹಿ ಮಾತ್ರ ಎಂಬ ಚಿತ್ರ ತಪ್ಪೆಂದು ಈಗ ತಿಳಿದಿದೆ. ನಾನೂ ಅದನ್ನು ಬಾಯಿಪಾಠ ಮಾಡಿದವನೇ.

ನಾಲಗೆ ಹೇಗೆ ಹುಟ್ಟಿತೆಂಬ ಪ್ರಶ್ನೆಗೆ ಮಾಲ್ಪೀಗಿಯ ಕಾಲದಲ್ಲಿ ಉತ್ತರವಿರಲಿಲ್ಲ. ನಾಲಗೆಗೆ ಎಲುಬಿಲ್ಲವೆಂದು ಹಿರಿಯರು ನಮ್ಮನ್ನು ಗದರಿಸುತ್ತಾರಷ್ಟೆ. ಮೀನಿನ ಬಾಯಲ್ಲಾದರೋ ನಾಲಗೆಯ ಜಾಗದಲ್ಲಿರುವುದು ಬಹುಮಟ್ಟಿಗೆ ಎಲುಬೇ. ಮೀನು ನೀರಿನೊಡನೆ ಆಹಾರವನ್ನು ಒಳಗೆಳೆದುಕೊಳ್ಳುತ್ತದೆ. ನೆಲಕ್ಕೆ ಬಂದ ಪ್ರಾಣಿಗೆ ತುತ್ತನ್ನು ಗಂಟಲಿಗೆ ದೂಡಲು ನೀರಿನ ನೆರವಿಲ್ಲ. ಆ ಕೆಲಸಕ್ಕೆ ಸ್ನಾಯುವಿನ ನಾಲಗೆ ಬೆಳೆಯಿತು. ಕಪ್ಪೆಯ ನಾಲಗೆ ಬಾಯಿಯ ಮುಂದುಗಡೆ ಅಂಟಿಕೊಂಡಿದ್ದು ಹೊರಕ್ಕೆ ಮಗುಚಿ ಹುಳುವನ್ನು ಹಿಡಿಯುತ್ತದೆ. ಮರಕುಟಿಗನ ನಾಲಗೆಯ ಎಲುಬುಗಳು ತಲೆಬುರುಡೆಯನ್ನೇ ಸುತ್ತಿಕೊಂಡಿರುತ್ತವೆ. ನಮ್ಮ ನಾಲಗೆಯಾದರೋ ಊಟದ ಜೊತೆಗೆ ಟ, ಡ, ಣ, ಳಗಳಿಗೂ ಮಡಿಚಿಕೊಳ್ಳಬೇಕು. ಅದು ನಿಮ್ಮಲ್ಲಿ ಕೆಲವರಿಗೆ ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಮಾಲ್ಪೀಗಿಯು ರೇಷ್ಮೆಹುಳು, ಮೊಟ್ಟೆಯೊಳಗಿನ ಮರಿ, ಗಿಡಮರಗಳು, ಎಲ್ಲವನ್ನೂ ಪರೀಕ್ಷಿಸಿದನು. 1669 ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಆದರೆ ಸ್ವಂತ ಊರಿನ ಪಂಡಿತರಿಗೆ ಅವನು ಬೇಡವಾಗಿದ್ದನು. ಹುಳು ಹುಪ್ಪಟೆಗಳನ್ನು ನೋಡುವುದರಿಂದ ಒಬ್ಬ ರೋಗಿಯಾದರೂ ಗುಣವಾದನೇ ಎಂಬುದು ಅವರ ಆಕ್ಷೇಪಣೆ. ಕೇಳಬಾರದ ಪ್ರಶ್ನೆಯೇನಲ್ಲ, ಕೇಳಿದ ರೀತಿ ಮಾತ್ರ ಕೆಟ್ಟದ್ದು. 1684 ರಲ್ಲಿ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಬರಹಗಳೂ ಸುಟ್ಟುಹೋದವು. 1689 ರಲ್ಲಿ ವಿರೋಧಿಗಳು ಮುಖ ಮುಚ್ಚಿಕೊಂಡು ಅವನ ಹಳ್ಳಿಯ ಮನೆಗೆ ನುಗ್ಗಿ ದಾಂಧಲೆ ಮಾಡಿದರು. ಆಗ ಅವನಿಗೆ ಅರುವತ್ತೊಂದು ವರ್ಷ.

1691 ರಲ್ಲಿ ಪೋಪ್ ಹನ್ನೆರಡನೆಯ ಇನೊಸೆಂಟರು ಅವನನ್ನು ರೋಮಿಗೆ ಕರೆಸಿ ತಮ್ಮ ವೈದ್ಯನನ್ನಾಗಿ ಮಾಡಿಕೊಂಡರು. ಅಲ್ಲಿಯೇ 1694 ರ ನವೆಂಬರ್ ತಿಂಗಳಲ್ಲಿ ಅವನು ತೀರಿಕೊಂಡನು. ವಿರೋಧಿಗಳ ಆಕ್ಷೇಪಣೆಗೆ ಅವನು ಬರೆದಿಟ್ಟಿದ್ದ ಉತ್ತರವು 1697 ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.