ಆಟಗಳ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್

ಜುಲೈ 14 ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಹುಟ್ಟಿದ ದಿನ. ನಾಡಿನ ಹಿರಿಯರೊಬ್ಬರನ್ನು ನೆನೆಯುವ ಈ ಪುಟದಲ್ಲಿ ಈ ಸಲ ಅವರ ಬಾಳಿನ ಕತೆ.

ಇದಕ್ಕೆ ಒಂದು ಕಾರಣವಿದೆ. ರಜೆಗೆ ಊರಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಒಂದು ಬೇರೆ ಬಗೆಯ ಆಟ ಆಡುತ್ತಾರೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬ ಕತ್ತಿ ಹಿಡಿದ ವೀರ, ಇನ್ನೊಬ್ಬಳು ಮಂತ್ರವಾದಿ, ಮತ್ತೊಬ್ಬ ಕಳ್ಳ. ಆಟ ನಡೆಸುವವರು ಒಬ್ಬರು, ಅವರ ಮುಂದೆ ಕೈಯಲ್ಲಿ ಬರೆದ ಒಂದು ನಕ್ಷೆ. ಪಾಳು ಕೋಟೆಯೊಳಗೆ ಏನು ಕಾಣಿಸಿತು ಎಂದು ಅವರು ಹೇಳುತ್ತಾರೆ, ತಾನೇನು ಮಾಡುತ್ತೇನೆ ಎಂದು ಆಡುವವರು ಹೇಳುತ್ತಾರೆ, ಸಂಶಯ ಬಂದ ಕಡೆ ದಾಳ ತೀರ್ಮಾನಿಸುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಹೆಸರಿನಲ್ಲಿ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟದ ಹಳೆಯ ಧಾಟಿ ಇದು. ಇದನ್ನು ನೋಡಿದ ಹಿರಿಯರು ನಮ್ಮಲ್ಲಿ ಇಂಥದ್ದೇನಾದರೂ ಇತ್ತೇ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮುಮ್ಮಡಿಯವರ ಬಾಳೇ ಒಂದು ಉತ್ತರ.

ಐದು ವರ್ಷದ ದೊರೆ

ಕೃಷ್ಣರಾಜರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಆಗ ಆಡಳಿತ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ಒಡೆಯರ ಮನೆತನಕ್ಕೆ ಉಳಿದಿದ್ದದ್ದು ಹೆಸರು ಮಾತ್ರ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಖಾಸಾ ಚಾಮರಾಜ ಒಡೆಯರ್ ತೀರಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಜೂನ್ 30ರಂದು ಇಂಗ್ಲಿಷರು ಐದು ವರ್ಷವೂ ತುಂಬದ ಈ ಹುಡುಗನನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿದರು.

ರಾಜ್ಯದ ಕೆಲಸವನ್ನು ದಿವಾನ್ ಪೂರ್ಣಯ್ಯ ನೋಡಿಕೊಂಡರು. ಹುಡುಗನನ್ನು ಸಾಕಿದವರು ರಾಣಿ ಲಕ್ಷ್ಮಮ್ಮಣ್ಣಿ. ಮನೆತನಕ್ಕೆ ರಾಜ್ಯ ಮರಳಿ ಸಿಗಲೆಂದು ದಶಕಗಳ ಕಾಲ ಹೋರಾಡಿದ ಹೆಂಗಸು ಅವರು. 1810ರಲ್ಲಿ ಅವರು ತೀರಿಕೊಂಡರು. ಮರುವರ್ಷ ಪೂರ್ಣಯ್ಯ ಅಧಿಕಾರ ಬಿಟ್ಟುಕೊಟ್ಟರು. ಹದಿನೇಳರ ಹರೆಯದಲ್ಲಿ ಕೃಷ್ಣರಾಜರು ತಾವೇ ಆಳತೊಡಗಿದರು.

ಕೈತಪ್ಪಿದ ಆಡಳಿತ

ಮುಂದಿನ ಇಪ್ಪತ್ತು ವರ್ಷ ಅವರಿಗೆ ಒಳ್ಳೆಯ ಹೆಸರನ್ನೂ ಕೆಟ್ಟ ಹೆಸರನ್ನೂ ತಂದಿತು. ದೇವಾಲಯಗಳು ಎದ್ದವು, ಕವಿಗಳಿಗೂ ಪಂಡಿತರಿಗೂ ಆಸರೆ ಸಿಕ್ಕಿತು. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಬಂದದ್ದು ಈ ಆಸ್ಥಾನದಲ್ಲೇ. ಆದರೆ ಖಜಾನೆ ಬರಿದಾಗುತ್ತ ಬಂತು. ವರ್ಷಕ್ಕೆ ಏಳು ಲಕ್ಷ ವರಹವನ್ನು ಇಂಗ್ಲಿಷರಿಗೆ ಕಟ್ಟಬೇಕಿತ್ತು. ಕಂದಾಯದ ಅಧಿಕಾರಿಗಳ ಕಾಟ ಹಳ್ಳಿಗಳಲ್ಲಿ ಹೆಚ್ಚಿತು. 1830ರಲ್ಲಿ ನಗರ ಸೀಮೆಯ ರೈತರು ಎದ್ದುನಿಂತರು. ದಂಗೆಯನ್ನು ಅಡಗಿಸಲು ಇಂಗ್ಲಿಷರ ಸೈನ್ಯ ಬಂತು, ಅದರ ಹಿಂದೆಯೇ ಅವರ ಆಡಳಿತವೂ ಬಂತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಕಮಿಷನರುಗಳಿಗೆ ಒಪ್ಪಿಸಿದ. ದೊರೆಗೆ ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು ಎಂದು ಗೊತ್ತಾಯಿತು.

ರೈತರ ದೂರು ಸುಳ್ಳಾಗಿರಲಿಲ್ಲ. ಅದನ್ನು ಮುಚ್ಚಿಡುವುದು ಬೇಡ. ಆದರೆ ಆಮೇಲೆ ನಡೆದ ವಿಚಾರಣೆ ದೊರೆಯ ಮೇಲಿನ ಆರೋಪಗಳಲ್ಲಿ ಉತ್ಪ್ರೇಕ್ಷೆ ಇತ್ತೆಂದು ಕಂಡುಕೊಂಡಿತು. ಆದರೂ ಕಸಿದ ಅಧಿಕಾರ ಹಿಂದಿರುಗಲಿಲ್ಲ. ಮೂವತ್ತೇಳರ ವಯಸ್ಸಿನಲ್ಲಿ ಅವರಿಗೆ ಅರಮನೆ ಉಳಿಯಿತು, ದರ್ಬಾರು ಉಳಿಯಿತು, ದಸರಾ ಉಳಿಯಿತು. ಆಳುವ ಕೆಲಸ ಮಾತ್ರ ಉಳಿಯಲಿಲ್ಲ. ಬಾಳಿನ ಮಿಕ್ಕ ಮೂವತ್ತಾರು ವರ್ಷ ಅವರು ಹಾಗೆಯೇ ಕಳೆದರು.

ಎಲೆಗಳಲ್ಲಿ ಕಟ್ಟಿದ ಲೋಕ

ಈ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡ ದೊಡ್ಡ ಕೆಲಸ ಶ್ರೀತತ್ತ್ವನಿಧಿ. ದೇವತೆಗಳ ರೂಪ, ಗ್ರಹಗಳು, ಆಗಮ ಹೀಗೆ ಒಂಬತ್ತು ನಿಧಿಗಳ ಚಿತ್ರಸಹಿತ ಗ್ರಂಥ ಅದು. ಕೊನೆಯದು ಕೌತುಕನಿಧಿ. ಅದರಲ್ಲಿ 122 ಯೋಗಾಸನಗಳ ಚಿತ್ರಗಳಿವೆ, ಜೊತೆಗೆ ಆಟಗಳಿವೆ.

ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದ ಎಲೆಯಾಟ. ಬಾಬರ್ 1527ರಲ್ಲಿ ಸಿಂಧದ ಗೆಳೆಯನಿಗೆ ಒಂದು ಕಟ್ಟು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ದುಂಡನೆಯ ಎಲೆಗಳು, ಎಂಟು ಬಣ್ಣ, ಒಟ್ಟು 96 ಎಲೆ. ನಮ್ಮ ನಾಡಿನಲ್ಲಿ ಅದು ದಶಾವತಾರದ ರೂಪ ತಾಳಿತು. ಹತ್ತು ಅವತಾರ, ಒಂದೊಂದಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕೆಯ ಎಲೆ, ಒಟ್ಟು 120. ಹಗಲಲ್ಲಿ ಆಡಿದರೆ ರಾಮನ ಎಲೆ ಮುಂದು, ರಾತ್ರಿ ಆಡಿದರೆ ಕೃಷ್ಣನ ಎಲೆ ಮುಂದು.

ಮುಮ್ಮಡಿಯವರಿಗೆ ಇಷ್ಟು ಸಾಲಲಿಲ್ಲ. ಅವರು ತಮ್ಮ ಆಟಗಳಿಗೆ ಛದ ಎಂಬ ಹೆಸರಿಟ್ಟರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ, ನಾವು ಇಸ್ಪೀಟಿಗೆ ಎಲೆ ಎನ್ನುವ ಹಾಗೆಯೇ. ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು. ಕೆಲವು ಕಟ್ಟುಗಳು ಹದಿನೆಂಟು ಬಣ್ಣಕ್ಕೂ 360 ಎಲೆಗೂ ಏರಿದವು. ಬಣ್ಣವೊಂದರಲ್ಲಿ ರಾಜ ಮಂತ್ರಿ ಇಬ್ಬರೇ ಇರುತ್ತಿದ್ದ ಕಡೆ ಆರಾರು ಚಿತ್ರದೆಲೆಗಳು ಬಂದವು. ಅಂಕೆಯ ಎಲೆ ಹತ್ತರಿಂದ ಹನ್ನೆರಡಾಯಿತು. ಯಾವ ಎಲೆಯ ಬದಲಿಗೂ ನಿಲ್ಲಬಲ್ಲ ಎಲೆಗಳೂ ಸೇರಿದವು. ದೇವತೆ, ಗ್ರಹ, ಪಾಂಡವರು ಎಲ್ಲರಿಗೂ ಅಲ್ಲಿ ಒಂದೊಂದು ಪಡೆ, ಒಂದೊಂದು ಸ್ಥಾನ. ಹೊರಗಿನ ರಾಜ್ಯವನ್ನು ಕಮಿಷನರು ನಡೆಸುತ್ತಿದ್ದಾಗ ಒಳಗೆ ದೊರೆ ನಿಯಮಸಹಿತವಾಗಿ ಇನ್ನೊಂದು ಲೋಕ ಕಟ್ಟುತ್ತಿದ್ದರು.

ಹಾವು ಏಣಿಯ ಆಟವನ್ನೂ ಅವರು ಬಿಡಲಿಲ್ಲ. ನಾವು ಪರಮಪದ ಎನ್ನುವ, ನಮ್ಮ ತೆಲುಗು ನೆರೆಯವರು ವೈಕುಂಠಪಾಳಿ ಎನ್ನುವ ಪಟ ಅದು. ಅಲ್ಲಿ ಕಾಯಿ ಬರಿಯ ಕಾಯಲ್ಲ, ಆಡುವವನ ಜೀವವೇ. ಪುಣ್ಯ ಮಾಡಿದರೆ ಏಣಿ, ಪಾಪಕ್ಕೆ ಹಾವು. ಈ ಬಗೆಯ ಪಟಗಳಲ್ಲಿ ಒಂದಕ್ಕೆ ಅವರು ಇಟ್ಟ ಹೆಸರು ದೇವೀಸಾಯುಜ್ಯ, ಅಂದರೆ ದೇವಿಯಲ್ಲಿ ಒಂದಾಗುವುದು. ಆಟ ಗೆಲ್ಲುವುದೆಂದರೆ ಅದೇ. ಆಡುವವನು ತಾನೇ ಒಂದು ಪಾತ್ರವಾಗಿ ದಾರಿ ಹಿಡಿಯುವುದು ನಮಗೆ ಹೊಸತಲ್ಲ.

ಕುದುರೆಯ ನಡೆ

ಚದುರಂಗದಲ್ಲಿ ಅವರಿಗೆ ಪ್ರಿಯವಾದದ್ದು ಕುದುರೆ. 64 ಮನೆಗಳಲ್ಲಿ ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟಿ ಕುದುರೆ ಸುತ್ತಿ ಬರಬೇಕು. ಕಾಶ್ಮೀರದ ರುದ್ರಟ ಒಂಬತ್ತನೆಯ ಶತಮಾನದಲ್ಲೇ ಈ ನಡೆಯನ್ನು ಶ್ಲೋಕದ ಅಕ್ಷರಗಳಲ್ಲಿ ಕೂರಿಸಿದ್ದ. ಮುಮ್ಮಡಿಯವರು ಇನ್ನೊಂದು ಕಟ್ಟು ಹಾಕಿಕೊಂಡರು. ಕುದುರೆ ಇಟ್ಟ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕೆ ಬರೆದಾಗ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದರೆ 260 ಬರಬೇಕು. ಪೆನ್ಸಿಲ್ ಹಿಡಿದು ಕೂತರೆ ಇದು ಎಷ್ಟು ಕಷ್ಟವೆಂದು ಮಕ್ಕಳಿಗೂ ತಿಳಿದೀತು. ಅವರು ಅದನ್ನು ಸಾಧಿಸಿದರು. ಚದುರಂಗದ ಇತಿಹಾಸ ಬರೆದ ಇಂಗ್ಲಿಷ್ ವಿದ್ವಾಂಸ ಮರ್ರೆ ಈ ಮೈಸೂರಿನ ರಚನೆಗಳನ್ನು ಗಮನಿಸಿದ್ದಾನೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಈ ಆಟಗಳು ಬಣ್ಣದಲ್ಲಿ ಮೂಡಿವೆ.

ಅರಸನಾದವನು ಆಟದ ಬಗ್ಗೆ ಬರೆಯುವುದು ಹಗುರವಾದ ಕೆಲಸ ಎಂದು ಯಾರಿಗಾದರೂ ಅನಿಸಿದರೆ, ನಮ್ಮ ಪಕ್ಕದ ಕಲ್ಯಾಣವನ್ನು ನೆನೆಯಬೇಕು. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ರಾಜನೀತಿಯ ಜೊತೆಗೆ ಕ್ರೀಡೆಗಳಿಗೇ ಒಂದು ಭಾಗವಿದೆ. ಮುಮ್ಮಡಿಯವರು ನಡೆದದ್ದು ಆ ಹಳೆಯ ಹಾದಿಯಲ್ಲೇ.

ಅದೇ ಕಾಲ, ಬೇರೆ ದೇಶ

ಇತ್ತ ಮೈಸೂರಿನಲ್ಲಿ ಇದು ನಡೆಯುತ್ತಿದ್ದ ಕಾಲದಲ್ಲಿ ಅತ್ತ ಜರ್ಮನಿಯಲ್ಲಿ ಇನ್ನೊಂದು ಕವಲು ಒಡೆದಿತ್ತು. ನಮ್ಮ ಚತುರಂಗವೇ ಪರ್ಷಿಯಾ ದಾಟಿ ಅಲ್ಲಿಗೆ ಹೋಗಿ ಚೆಸ್ ಆಗಿತ್ತು. 1780ರಲ್ಲಿ ಹೆಲ್‌ವಿಗ್ ಎಂಬ ಗಣಿತದ ಮೇಷ್ಟ್ರು ಅದರ ಹಾಸನ್ನು ಹಿಗ್ಗಿಸಿ ಬೆಟ್ಟ, ನದಿ, ಊರುಗಳನ್ನು ಸೇರಿಸಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಅದನ್ನು ನಕ್ಷೆಯ ಮೇಲಿನ ಯುದ್ಧದಾಟ ಮಾಡಿದ. ಆಡುವವರು ಅಪ್ಪಣೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ನಡುವಿನ ತೀರ್ಪುಗಾರ ದಾಳ ಹಾಕಿ ಫಲ ಹೇಳಬೇಕು. 1876ರಲ್ಲಿ ಫೆರ್ಡಿ ಎಂಬ ಅಧಿಕಾರಿ ನಿಯಮಗಳ ಹೊರೆ ಇಳಿಸಿ, ತೀರ್ಪುಗಾರನ ವಿವೇಕವೇ ಸಾಕು ಎಂಬ ದಾರಿ ತೆರೆದ. ಆ ಎಳೆಯನ್ನೇ ಹಿಡಿದು 1969ರಲ್ಲಿ ಅಮೆರಿಕದ ಡೇವಿಡ್ ವೆಸ್ಲಿ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ ಕೊಟ್ಟು ಆಡಿಸಿದ. ಅವನ ಜೊತೆ ಆಡಿದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಮೂರು ಪುಟ್ಟ ಪುಸ್ತಕಗಳ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದ. ಮೊದಲು ಅಚ್ಚಾದದ್ದು ಒಂದು ಸಾವಿರ ಪ್ರತಿ.

ಹೀಗೆ ಕವಲು ಎರಡಾಯಿತು. ಒಂದು ಲೋಕದ ತುಂಬ ಹರಡಿತು. ಇನ್ನೊಂದು ಅರಮನೆಯ ಹೊರಗೆ ಹೆಚ್ಚು ಬರಲೇ ಇಲ್ಲ. 320 ಎಲೆಗಳನ್ನು ಚಿತ್ರಗಾರರು ಕೈಯಲ್ಲೇ ಬರೆಯಬೇಕು, ಅದನ್ನು ಕೊಳ್ಳುವವರು ಯಾರು? ನಿಯಮ ಕಲಿಸುವವರು ಯಾರು? ದೊರೆ ಹೋದ ಮೇಲೆ ಹಾಸುಗಳು ಉಳಿದವು, ಆಡಿಸುವವರು ಉಳಿಯಲಿಲ್ಲ.

ಕೊನೆಯ ಆಟ

ಆದರೆ ಅವರು ಎಲೆ ಹಿಡಿದು ಎಲ್ಲವನ್ನೂ ಮರೆತು ಕೂತಿದ್ದರು ಎಂದುಕೊಂಡರೆ ತಪ್ಪಾಗುತ್ತದೆ. ರಾಜ್ಯ ಹಿಂದಕ್ಕೆ ಕೊಡಬೇಕೆಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅರ್ಜಿಯ ಮೇಲೆ ಅರ್ಜಿ ಬರೆದರು. ಅವರಿಗೆ ಪಟ್ಟಕ್ಕೆ ಬರಬಲ್ಲ ಗಂಡುಮಕ್ಕಳಿರಲಿಲ್ಲ. ಅವರ ಕಾಲ ಮುಗಿದರೆ ಮೈಸೂರೂ ಇಂಗ್ಲಿಷರ ಸೀಮೆಯಾಗಿ ಕರಗುವ ಭಯವಿತ್ತು. 1865ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನ ಹೊಸ್ತಿಲಲ್ಲಿ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲಿಷ್ ಸರ್ಕಾರ ಮೊದಲು ಒಪ್ಪಲಿಲ್ಲ. ಅವರ ಕಡೆಯವರು ಲಂಡನ್ನಿನವರೆಗೂ ವಾದ ಒಯ್ದರು. 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಣು ಮುಚ್ಚಿದರು.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಗೆಲುವನ್ನು ನೋಡಲು ಅವರಿರಲಿಲ್ಲ. ಆದರೆ ಆ ಗೆಲುವಿಗೆ ಕಾಯಿ ನಡೆಸಿದವರು ಅವರೇ. ಮುಂದೆ ಹೆಸರಾದ ಮೈಸೂರು ಸಂಸ್ಥಾನ ಉಳಿದದ್ದು ಆ ಕೊನೆಯ ನಡೆಯಿಂದ.

ನಮ್ಮ ಪಾಲಿಗೆ

ನಾವೂ ಒಂದು ಗೆರೆಯಿಂದ ಬೇರೆಯಾದವರು. 1956ರಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರಿನಿಂದಲೂ ತಾಂಡೂರು ಕಲಬುರಗಿಯಿಂದಲೂ ಕಳಚಿ ಆಂಧ್ರಪ್ರದೇಶ ಸೇರಿದವು. ಆಡಳಿತದ ಗೆರೆ ನಮ್ಮ ಕೈಯಲ್ಲಿರಲಿಲ್ಲ. ಮನೆಯ ಮಾತು, ಹಾಡು, ಆಟ ನಮ್ಮ ಕೈಯಲ್ಲೇ ಉಳಿದವು. ಅವನ್ನು ಉಳಿಸಿಕೊಳ್ಳುವುದು ಹೇಗೆಂದು ಮುಮ್ಮಡಿಯವರ ಕತೆ ಎರಡು ಕಡೆಯಿಂದಲೂ ಹೇಳುತ್ತದೆ. ಅಧಿಕಾರ ಹೋದ ಮೇಲೂ ಕಟ್ಟುವ ಕೆಲಸ ನಿಲ್ಲಿಸಬೇಕಿಲ್ಲ. ಆದರೆ ಕಟ್ಟಿದ್ದನ್ನು ನಾಲ್ಕು ಜನರ ನಡುವೆ ಇಟ್ಟು ಆಡಿಸದಿದ್ದರೆ ಅದು ಗೋಡೆಯ ಮೇಲಿನ ಚಿತ್ರವಾಗಿ ಉಳಿಯುತ್ತದೆ.

ಸಂತೋಷದ ವಿಷಯವೂ ಇದೆ. ಗಂಜೀಫಾ ಕಲೆಯನ್ನು ರಘುಪತಿ ಭಟ್ಟರು ನಮ್ಮ ಕಾಲದಲ್ಲಿ ಮತ್ತೆ ಬೆಳೆಸಿದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಹಾಸುಗಳನ್ನು ಮತ್ತೆ ಮಾಡಿಸಿ ಜನರ ಮುಂದಿಟ್ಟಿದೆ.

ಸಂಘದ ಮುಂದಿನ ಕೂಟಕ್ಕೆ ಬರುವಾಗ ಮನೆಯಲ್ಲಿರುವ ಪಗಡೆ ಹಾಸು, ಕವಡೆ, ಹುಣಸೆಬೀಜ ಏನಿದ್ದರೂ ತನ್ನಿ. ಹಾಸು ಇಲ್ಲದಿದ್ದರೂ ಚಿಂತೆಯಿಲ್ಲ, ತಾಂಡೂರಿನ ಕಲ್ಲು ಹಾಸಿದ ನೆಲವಿದ್ದರೆ ಒಂದು ಸುಣ್ಣದಕಡ್ಡಿ ಸಾಕು. ಅಜ್ಜಿ ಅಜ್ಜಂದಿರು ತಮ್ಮ ಊರಿನ ನಿಯಮಗಳನ್ನು ಹೇಳಲಿ, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಪಾಳು ಕೋಟೆಯ ಕತೆ ಆಡಿಸಬಲ್ಲ ಹುಡುಗ ಹುಡುಗಿಯರು ತಮ್ಮ ದಾಳಗಳನ್ನೂ ತರಲಿ. ಕೋಟೆ ಬೇಕಿದ್ದರೆ ದೂರ ಹೋಗಬೇಕಿಲ್ಲ, ಬೀದರ್ ಪಕ್ಕದಲ್ಲೇ ಇದೆ. ಆಟವನ್ನು ಕನ್ನಡದಲ್ಲೇ ನಡೆಸಲಿ. ಹಿರಿಯರು ಒಂದು ಸಲ ಪಾತ್ರ ಹಿಡಿದು ಕೂತು ನೋಡಲಿ.