ಮಧುಮೇಹಿಗಳ ಪ್ರಾಣಬಂಧು ಬ್ಯಾಂಟಿಂಗ್

ಇನ್ಸುಲಿನ್ ಎಂಬ ಹೆಸರಿನ ಮೂಲದಲ್ಲಿರುವುದು ದ್ವೀಪವೆಂಬ ಅರ್ಥದ ಲ್ಯಾಟಿನ್ ಶಬ್ದ. ಕೂಡಲಸಂಗಮದಲ್ಲಿ ಹಿನ್ನೀರಿನ ನಡುವೆ ನಿಂತ ಬಸವಣ್ಣನವರ ಐಕ್ಯಮಂಟಪವನ್ನು ಕಂಡಾಗಲೆಲ್ಲ ನನಗೆ ಈ ಶಬ್ದ ನೆನಪಾಗುತ್ತದೆ. ಜಠರದ ಹಿಂದೆ ಅಡಗಿರುವ ಮೇದೋಜೀರಕಾಂಗದಲ್ಲಿಯೂ ಇಂಥ ಕಿರುದ್ವೀಪಗಳುಂಟು. ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರಿದೊಡನೆ ಅವು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದರ ಬಲದಿಂದ ಸಕ್ಕರೆಯು ಸ್ನಾಯುಗಳನ್ನು ಹೊಗುತ್ತದೆ, ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುತ್ತದೆ. ಉಪವಾಸದ ಹೊತ್ತಿನಲ್ಲಿ ಅದೇ ದ್ವೀಪಗಳಿಂದ ಹೊರಡುವ ಗ್ಲುಕಗಾನ್ ಯಕೃತ್ತಿನ ಕಣಜವನ್ನು ತೆರೆಸುತ್ತದೆ. ಇವೆರಡರ ಹದದಿಂದಲೇ ಆರೋಗ್ಯವಂತನ ರಕ್ತದಲ್ಲಿ, ಬರಿಹೊಟ್ಟೆಯಲ್ಲಿ, 100 ಮಿಲಿಲೀಟರಿಗೆ ಸುಮಾರು 70ರಿಂದ 100 ಮಿಲಿಗ್ರಾಂ ಸಕ್ಕರೆ ನಿಲ್ಲುವುದು. ಇನ್ಸುಲಿನ್ ಬತ್ತಿಹೋದ ಮಗುವಿಗೆ 1921ರವರೆಗೂ ಸಾವೊಂದೇ ಗತಿಯಾಗಿತ್ತು. ಅರೆಹೊಟ್ಟೆಯಲ್ಲಿಟ್ಟು ಆ ಸಾವನ್ನು ತುಸು ಮುಂದೂಡುವುದನ್ನೇ ಚಿಕಿತ್ಸೆಯೆನ್ನುತ್ತಿದ್ದರು.

ಈ ಗತಿಯನ್ನು ತಪ್ಪಿಸಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು, ಕೆನಡದ ಅಲಿಸ್ಟನ್ ಊರಿನ ಒಕ್ಕಲುತನದ ಮನೆಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಸೇನಾವೈದ್ಯನಾಗಿ ಗಾಯಗೊಂಡನು, ಶೌರ್ಯಪದಕ ಪಡೆದನು. ಮರಳಿ ಬಂದು ಕೆನಡದಲ್ಲಿಯೇ ಇರುವ ಲಂಡನ್ ಎಂಬ ಊರಿನಲ್ಲಿ ದವಾಖಾನೆ ತೆರೆದರೆ ಮೊದಲ ತಿಂಗಳ ಗಳಿಕೆ ನಾಲ್ಕೇ ಡಾಲರು! ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಪಾಠ ಹೇಳಲೊಪ್ಪಿದನು. 1920ರ ಅಕ್ಟೋಬರ್ 30ರ ರಾತ್ರಿ ಆ ಪಾಠದ ಸಿದ್ಧತೆಯಲ್ಲಿದ್ದಾಗಲೇ ಅವನಿಗೆ ಒಂದು ಊಹೆ ಹೊಳೆದದ್ದು. ನಾನೂ ನಾಳಿನ ಪಾಠಕ್ಕಾಗಿ ರಾತ್ರಿ ಓದುವವನೇ ಆದುದರಿಂದ ಈ ಸಂಗತಿ ನನಗೆ ಬಲು ಪ್ರಿಯವಾದುದು. ಮೇದೋಜೀರಕಾಂಗದ ನಾಳವನ್ನು ಕಟ್ಟಿದರೆ ಜೀರ್ಣರಸದ ಭಾಗ ಸೊರಗಿ ದ್ವೀಪಗಳಷ್ಟೇ ಉಳಿಯುವವು, ಆಗ ಅವುಗಳ ಸಾರವನ್ನು ತೆಗೆಯಬಹುದು ಎಂಬುದೇ ಆ ಊಹೆ. ನಾಳ ಕಟ್ಟುವ ಅಗತ್ಯವೇ ಇಲ್ಲವೆಂದು ಮುಂದೆ ತಿಳಿದುಬಂದಿತೆನ್ನಿ!

ಟೊರಾಂಟೋ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯಡ್ ಸಂಶಯದಿಂದಲೇ ಒಂದು ಕೊಠಡಿಯನ್ನೂ ಹತ್ತು ನಾಯಿಗಳನ್ನೂ ಚಾರ್ಲ್ಸ್ ಬೆಸ್ಟ್ ಎಂಬ ತರುಣ ಸಹಾಯಕನನ್ನೂ ಒದಗಿಸಿದನು. 1921ರ ಬೇಸಗೆಯ ಧಗೆಯಲ್ಲಿ ನಾಯಿಗಳು ಒಂದೊಂದಾಗಿ ಸತ್ತವು, ಇಬ್ಬರೂ ಕೈಬಿಡಲಿಲ್ಲ. ಕಡೆಗೆ ಸಾರವೇನೋ ಸಿಕ್ಕಿತು, ಆದರೆ ಶುದ್ಧವಾಗಿರಲಿಲ್ಲ. 1922ರ ಜನವರಿ 11ರಂದು ಹದಿನಾಲ್ಕರ ಹುಡುಗ, ಎಲುಬಿನ ಹಂದರವಾಗಿದ್ದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದಾಗ ಗುಣ ಕಾಣಲಿಲ್ಲ. ರಸಾಯನಜ್ಞ ಕಾಲಿಪ್ ಹಗಲಿರುಳು ದುಡಿದು ಅದನ್ನು ಶುದ್ಧಿಗೊಳಿಸಿದನು. ಜನವರಿ 23ರಂದು ಮತ್ತೆ ಚುಚ್ಚಿದರು. ಸಕ್ಕರೆ ಇಳಿಯಿತು! ಹುಡುಗ 1935ರವರೆಗೆ ಬದುಕಿದನು.

1923ರ ನೊಬೆಲ್ ಬಹುಮಾನ ಬ್ಯಾಂಟಿಂಗ್, ಮ್ಯಾಕ್ಲಿಯಡ್ ಇಬ್ಬರಿಗೆ ಬಂದಿತು. ಬೆಸ್ಟ್‌ನನ್ನು ಬಿಟ್ಟರೆಂದು ಬ್ಯಾಂಟಿಂಗ್ ಕೆರಳಿ ತನ್ನ ಪಾಲಿನ ಅರ್ಧವನ್ನು ಅವನಿಗೆ ಕೊಟ್ಟನು. ಮ್ಯಾಕ್ಲಿಯಡ್ ತನ್ನದರಲ್ಲಿ ಕಾಲಿಪ್‌ಗೆ ಪಾಲಿತ್ತನು. ಆ ಪ್ರೊಫೆಸರನ ಮೇಲೆ ಬ್ಯಾಂಟಿಂಗ್ ಸಾಧಿಸಿದ ಹಗೆ ನ್ಯಾಯವಾದುದೆಂದು ನಾನು ಒಪ್ಪಲಾರೆ. ಮ್ಯಾಕ್ಲಿಯಡ್‌ನ ವಿದ್ವತ್ತು, ಕಾಲಿಪ್‌ನ ಕೈಚಳಕಗಳಿಲ್ಲದೆ ಆ ಹುಡುಗ ಉಳಿಯುತ್ತಿರಲಿಲ್ಲ. ಆದರೆ ಅದೇ ವರ್ಷ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದೇ ಡಾಲರಿಗೆ ಇನ್ಸುಲಿನ್ನಿನ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ನಮ್ಮ ಸೀಮೆಯಲ್ಲಿ ಇದಕ್ಕೆ ದಾಸೋಹವೆನ್ನುವೆವು.

1934ರಲ್ಲಿ ಸರ್ ಪದವಿ ಬಂದಿತು. ಬಿಡುವಿನಲ್ಲಿ ಹಿಮದ ಬಯಲುಗಳ ಚಿತ್ರ ಬರೆಯುವುದು ಅವನ ಹವ್ಯಾಸವಾಗಿತ್ತು. ಕಾಲಿಪ್‌ನೊಡನೆ ಕ್ರಮೇಣ ಸ್ನೇಹ ಬೆಳೆಯಿತು; ಮ್ಯಾಕ್ಲಿಯಡ್‌ನೊಡನೆ ಮಾತ್ರ ಮನಸ್ಸು ತಿಳಿಯಾಗಲೇ ಇಲ್ಲ. 1941ರ ಫೆಬ್ರವರಿಯಲ್ಲಿ, ಯುದ್ಧಕಾಲದ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ ವಿಮಾನವು ನ್ಯೂಫೌಂಡ್ಲೆಂಡಿನಲ್ಲಿ ನೆಲಕ್ಕಪ್ಪಳಿಸಿತು. 21ರಂದು ಬ್ಯಾಂಟಿಂಗ್ ತೀರಿಕೊಂಡನು. ಆಗ ಅವನಿಗೆ ನಾಲ್ವತ್ತೊಂಬತ್ತು ವರ್ಷ.