ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಚಿಕ್ಕ ಗ್ರಾಮದಲ್ಲಿ 1888ನೆಯ ಇಸವಿ ನವೆಂಬರ್ 18ರಂದು ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನೂರು ಸಂವತ್ಸರಗಳನ್ನು ಪೂರೈಸಿ, 1989ನೆಯ ಫೆಬ್ರವರಿ 28ರಂದು ಮದರಾಸಿನಲ್ಲಿ ಕಾಲವಾದರು. ಭಾರತೀಯ ಯೋಗವಿದ್ಯೆಯನ್ನು ದೇಶದೇಶಾಂತರಗಳಿಗೆ ಮುಟ್ಟಿಸಿದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾ ದೇವಿ ಮೊದಲಾದವರೆಲ್ಲ ಇವರ ಶಿಷ್ಯರೆಂಬುದು ಲೋಕವಿದಿತ. ಆದರೆ ಈ ಗುರುಗಳು ತಮ್ಮ ಬೋಧನಕ್ರಮವನ್ನು ಅರುವತ್ತು ದಾಟಿದ ಮೇಲೆ ಹೇಗೆ ಮಾರ್ಪಡಿಸಿಕೊಂಡರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಪ್ರತಿವರ್ಷ ಜೂನ್ 21ರಂದು ಮಕ್ಕಳನ್ನು ಸಾಲುಗಟ್ಟಿ ನಿಲ್ಲಿಸಿ, ಎಲ್ಲರಿಂದಲೂ ಒಂದೇ ಆಸನವನ್ನು ಏಕಕಾಲಕ್ಕೆ ಮಾಡಿಸುವ ಈ ದಿನಗಳಲ್ಲಿ ಅಧ್ಯಾಪಕವರ್ಗದವರು ಅರಿಯಬೇಕಾದ ಭಾಗ ಅದೇ.

ತಂದೆ ಶ್ರೀನಿವಾಸ ತಾತಾಚಾರ್ಯರೇ ಅವರ ಪ್ರಥಮ ಗುರುಗಳು. ಸಂಸ್ಕೃತವನ್ನೂ ಯೋಗಸೂತ್ರಗಳನ್ನೂ ಮಗನಿಗೆ ಎಳವೆಯಲ್ಲಿಯೇ ಪಾಠ ಹೇಳಿದ ಆ ಪಿತೃದೇವರು, ಬಾಲಕನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. ಮನೆಯವರು ಮೈಸೂರಿಗೆ ಬಂದರು. ಅಲ್ಲಿಯ ಪರಕಾಲ ಮಠದ ಪೀಠದಲ್ಲಿ ಮುತ್ತಜ್ಜನವರೇ ವಿರಾಜಮಾನರಾಗಿದ್ದರು. ಮಠದ ಆಶ್ರಯದಲ್ಲಿ ಶಾಸ್ತ್ರಾಧ್ಯಯನ, ಅನಂತರ ಕಾಶಿಯಲ್ಲಿ ಉನ್ನತ ವ್ಯಾಸಂಗ. ಅವರೇ ಹೇಳಿಕೊಂಡಂತೆ, ಮಾನಸಸರೋವರದ ಸಮೀಪದಲ್ಲಿದ್ದ ರಾಮಮೋಹನ ಬ್ರಹ್ಮಚಾರಿಗಳ ಸನ್ನಿಧಿಯಲ್ಲಿ ಏಳೂವರೆ ವರ್ಷ ಯೋಗಾಭ್ಯಾಸಗೈದರು. ಗೃಹಸ್ಥನಾಗಿ ಯೋಗವನ್ನು ಬೋಧಿಸಬೇಕೆಂಬುದೇ ಆ ಗುರುಗಳು ಕೇಳಿದ ದಕ್ಷಿಣೆ. ಮುಂದೆ ಪರಕಾಲ ಮಠದ ಪೀಠವೇ ತಮ್ಮೆಡೆಗೆ ಬಂದಾಗಲೂ ಅದನ್ನು ವಿನಯದಿಂದ ನಿರಾಕರಿಸಿ ಗೃಹಸ್ಥರಾಗಿಯೇ ಉಳಿದುದು ಈ ಕಾರಣದಿಂದ.

ಗುರುದಕ್ಷಿಣೆ ಸಲ್ಲಿಸುವುದೇನೋ ಸರಿ, ಆದರೆ ಯೋಗ ಕಲಿಸಿ ಬದುಕುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. 1925ರಲ್ಲಿ ನಾಮಗಿರಿಯಮ್ಮನವರ ಕೈಹಿಡಿದ ಈ ಶಾಸ್ತ್ರಪಾರಂಗತರು ಹಾಸನ ಸೀಮೆಯ ಕಾಫಿ ತೋಟವೊಂದರಲ್ಲಿ ಚಡ್ಡಿ, ಅರೆತೋಳಿನ ಅಂಗಿ, ಟೋಪಿ ಧರಿಸಿ, ಕೈಯಲ್ಲಿ ಕೋಲು ಹಿಡಿದು ಮೇಲ್ವಿಚಾರಕರಾಗಿ ದುಡಿದರು! ನಾಲ್ವಡಿ ಕೃಷ್ಣರಾಜ ಒಡೆಯರವರ ಗುಣಗ್ರಾಹಿತ್ವದಿಂದ ಆ ಕಷ್ಟ ನೀಗಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ 'ಯೋಗ ಮಕರಂದ' ಕನ್ನಡದಲ್ಲಿಯೇ ರಚಿತವಾಯಿತು.

ಆ ಯೋಗಶಾಲೆಯ ವಾತಾವರಣವೇ ಬೇರೆ. ಶಿಷ್ಯರಲ್ಲಿ ಹಲವರು ಅರಸು ಮನೆತನದ ಎಳೆಯ ಬಾಲಕರು. ಬೆತ್ತದಂತೆ ಬಾಗುವ ಮೈ ಅವರದು. ಯೋಗದ ಹೆಸರನ್ನೇ ಮರೆತಿದ್ದ ಜನಕ್ಕೆ ಅದರ ಮಹಿಮೆಯನ್ನು ತೋರಿಸಬೇಕಾಗಿತ್ತು. ಆದುದರಿಂದ ಪ್ರದರ್ಶನಗಳು ನಡೆದವು, ಆಸನದಿಂದ ಆಸನಕ್ಕೆ ಜಿಗಿಯುವ ವೇಗದ ಕ್ರಮ ರೂಢಿಯಾಯಿತು. ಆಚಾರ್ಯರ ಕಣ್ಣಿಗೆ ಶಿಷ್ಯರು ನಡುಗುತ್ತಿದ್ದರು. ನಾಮಗಿರಿಯಮ್ಮನವರ ತಮ್ಮ ಅಯ್ಯಂಗಾರ್ ಅವರು 1934ರಲ್ಲಿ ಮೈಸೂರಿಗೆ ಬಂದಾಗ, ಮಲೇರಿಯ, ಕ್ಷಯ, ವಿಷಮಶೀತಜ್ವರಗಳಿಂದ ಸೊರಗಿದ ಹದಿನೈದರ ಹುಡುಗ. ಎಂದೂ ಅಭ್ಯಸಿಸದ ಹನುಮಾನಾಸನವನ್ನು ಒಮ್ಮೆ ಗುರುಗಳ ಅಪ್ಪಣೆಯಂತೆ ಮಾಡಹೋಗಿ, ತೊಡೆಯ ಹಿಂಭಾಗದ ಸ್ನಾಯುಗಳು ಹರಿದು ಬಹುಕಾಲ ನಡೆದಾಡುವುದೇ ಕಷ್ಟವಾಯಿತೆಂದು ಅವರು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದರು. ಗುರುಭಕ್ತಿಯ ಹೆಸರಿನಲ್ಲಿ ಇದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತರವಲ್ಲ. ಪುಣೆಯಲ್ಲಿ ನೆಲೆಸಿದ ಆ ಶಿಷ್ಯರು ಮುಂದೆ ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯಿಂದ ಅಶಕ್ತರಿಗೂ ಆಸನ ಸಾಧ್ಯವಾಗಿಸಿದರೆಂಬುದನ್ನು ಇದರ ಜೊತೆಯಲ್ಲಿಟ್ಟು ನೋಡಬೇಕು.

ಆಚಾರ್ಯರಿಗೆ ಅಧಿಕಾರಿಭೇದದ ಅರಿವು ಆಗಲೇ ಇರಲಿಲ್ಲವೆಂದಲ್ಲ. 1941ರ 'ಯೋಗಾಸನಗಳು' ಎಂಬ ಕನ್ನಡ ಗ್ರಂಥದಲ್ಲಿ ಆಸನಗಳನ್ನು ಪ್ರಾಥಮಿಕ, ಮಧ್ಯಮ, ವಿಶೇಷವೆಂದು ವರ್ಗೀಕರಿಸಿಯೇ ಇದ್ದಾರೆ. ಆದರೆ ಆ ಅರಿವು ಪೂರ್ಣವಾಗಿ ಆಚರಣೆಗಿಳಿಯಲು ಅವರು ಅರಮನೆಯಿಂದ ಹೊರಬೀಳಬೇಕಾಯಿತು. 1940ರಲ್ಲಿ ನಾಲ್ವಡಿಯವರು ದಿವಂಗತರಾದರು. 1950ರಲ್ಲಿ ಯೋಗಶಾಲೆ ಮುಚ್ಚಿತು. ಪಾರ್ಶ್ವವಾಯುಪೀಡಿತರಾದ ಪ್ರಸಿದ್ಧ ನ್ಯಾಯವೇತ್ತರೊಬ್ಬರ ಚಿಕಿತ್ಸೆಗೆಂದು ಕರೆಬಂದು, 1952ರಲ್ಲಿ ಆಚಾರ್ಯರು ಮದರಾಸಿಗೆ ತೆರಳಿದರು. ಕೈಕಾಲು ಸ್ವಾಧೀನದಲ್ಲಿಲ್ಲದ ವೃದ್ಧರಿಗೆ ಜಿಗಿಯೆಂದು ಹೇಳಿ ಫಲವೇನು? ಅಲ್ಲಿ ಬಳಿಗೆ ಬಂದವರು ಸೊಂಟನೋವಿನ ಗುಮಾಸ್ತರು, ಉಬ್ಬಸದವರು, ಗರ್ಭಿಣಿಯರು, ನಿದ್ದೆಗೆಟ್ಟವರು.

ಒಬ್ಬರಿಗೆ ಒಂದು ಪಾಠ ಎಂಬುದೇ ಮದರಾಸಿನ ಕ್ರಮವಾಯಿತು. ಆಯುರ್ವೇದವನ್ನೂ ಬಲ್ಲವರಾಗಿದ್ದ ಆಚಾರ್ಯರು ಮೊದಲು ನಾಡಿ ಹಿಡಿದು ನೋಡುತ್ತಿದ್ದರು. ಊಟ, ನಿದ್ರೆ, ಕಸುಬುಗಳನ್ನು ವಿಚಾರಿಸುತ್ತಿದ್ದರು. ಕೈಯೆತ್ತುವ ಚಲನೆ ಉಸಿರಿನೊಡನೆ ಮೊದಲಾಗಿ ಉಸಿರಿನೊಡನೆಯೇ ಮುಗಿಯಬೇಕು. ಉಸಿರು ಗೊರಗುಟ್ಟಿದರೆ, ತುಂಡಾದರೆ, ಶರೀರವು ಒಲ್ಲೆನೆಂದಿತೆಂದೇ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಮುಂದಕ್ಕೆ ಬಾಗಲು ಬೆನ್ನು ಒಪ್ಪದಿದ್ದರೆ ಮಂಡಿಯನ್ನು ಕೊಂಚ ಮಡಿಸಬಹುದು. ನಿಲ್ಲಲಾರದವನು ಕುಳಿತು, ಕೂರಲಾರದವನು ಮಲಗಿ ಮಾಡಲಿ. ಕಠಿನವಾದ ಆಸನದ ಹಿಂದೆಯೇ ಅದರ ಆಯಾಸವನ್ನು ಕಳೆಯುವ ಪ್ರತಿಕ್ರಿಯಾಸನ, ಬಳಿಕ ವಿಶ್ರಾಂತಿ. ಬಾಲ್ಯಯೌವನಗಳಿಗೆ ಬೆಳವಣಿಗೆಯ ಸೃಷ್ಟಿಕ್ರಮ, ಸಂಸಾರಿಗೆ ಆರೋಗ್ಯ ಕಾಯುವ ಸ್ಥಿತಿಕ್ರಮ, ಮುಪ್ಪಿನವರಿಗೆ ಪ್ರಾಣಾಯಾಮಧ್ಯಾನಗಳೇ ಪ್ರಧಾನವಾದ ಲಯಕ್ರಮ ಎಂಬ ವಿವೇಚನೆಯೂ ಅವರ ಬೋಧನೆಯಲ್ಲಿತ್ತು.

ಇದನ್ನು ಶಾಸ್ತ್ರದ ಸಡಿಲಿಕೆಯೆಂದು ಭ್ರಮಿಸಲಾಗದು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ವಿಧಿಸಿದವರು ಪತಂಜಲಿಗಳೇ. ಪ್ರಯತ್ನದ ಬಿಗಿ ಸಡಿಲವಾದಾಗ ಅದು ಸಿದ್ಧಿಸುತ್ತದೆಯೆಂದು ಹೇಳಿದವರೂ ಅವರೇ. ಬಾಲ್ಯದಲ್ಲಿ ತಂದೆಯಿಂದ ಪಾಠವಾದ ಸೂತ್ರಗಳನ್ನೇ ಆಚಾರ್ಯರು ರೋಗಿಗಳ ಮೈಯಲ್ಲಿ ಮತ್ತೊಮ್ಮೆ ಓದಿದರು. ಅವರ ಸ್ವಭಾವದ ಕಟ್ಟುನಿಟ್ಟು ಮಾತ್ರ ಕೊನೆಯವರೆಗೂ ಉಳಿಯಿತು. ಮಗ ದೇಶಿಕಾಚಾರ್ ಎಂಜಿನಿಯರಿಂಗ್ ಓದು ಮುಗಿಸಿ ಯೋಗ ಕಲಿಯಬೇಕೆಂದಾಗಲೂ ಆತನ ನಿಷ್ಠೆಯನ್ನು ಪರೀಕ್ಷಿಸಿಯೇ ಪಾಠ ಹೇಳಿದರು. ಆ ಮಗನೇ 1976ರಲ್ಲಿ ತಂದೆಯ ಹೆಸರಿನ ಯೋಗಮಂದಿರವನ್ನು ಮದರಾಸಿನಲ್ಲಿ ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಆಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. ಆ ವಯಸ್ಸಿನ ಹಠವೆನ್ನಬಹುದು. ಎಲ್ಲರೂ ಅನುಸರಿಸತಕ್ಕ ಮಾರ್ಗವಂತೂ ಅಲ್ಲ. ಮೈಸೂರಿನಲ್ಲಿ ಅರಮನೆಯ ಹುಡುಗರನ್ನು ಗದರಿ ಜಿಗಿಸಿದವರು ಈಗ ಹಾಸಿಗೆಯಲ್ಲಿ ಮಲಗಿದಲ್ಲಿಯೇ ತಮಗೆ ತಾವೇ ಅಭ್ಯಾಸಕ್ರಮವೊಂದನ್ನು ರೂಪಿಸಿಕೊಂಡು, ಮೈ ಎಷ್ಟಕ್ಕೆ ಒಪ್ಪಿತೋ ಅಷ್ಟನ್ನು ಮಾತ್ರ, ಉಸಿರನ್ನು ಗಮನಿಸುತ್ತ, ದಿನದಿನವೂ ಮಾಡತೊಡಗಿದರು.